ಮನೆಯ ಜಾಲದಲ್ಲಿ ವಿಪಿಎನ್: ರಸೆಲ್ ಮಾರುಕಟ್ಟೆ ಮತ್ತು ಪೂರ್ವ ಬೆಂಗಳೂರು

ವಿಪಿಎನ್ ಎಂದರೆ ಎಲ್ಲರೂ ಬಳಸುವ ಅಂತರಜಾಲದ ಮೂಲಕವೇ ಎರಡು ಯಂತ್ರಗಳು ಅಥವಾ ಎರಡು ಜಾಲಗಳು ತಮ್ಮಷ್ಟಕ್ಕೆ ಹಾಕಿಕೊಳ್ಳುವ ಗೂಢಲಿಪಿಯ ಸಂಪರ್ಕ. ಪೂರ್ಣ ಹೆಸರು ವರ್ಚುವಲ್ ಪ್ರೈವೇಟ್ ನೆಟ್‌ವರ್ಕ್. ಬೆಂಗಳೂರಿನ ದಂಡು ಪ್ರದೇಶ ಮತ್ತು ಅದರ ಪೂರ್ವಕ್ಕೆ, ಶಿವಾಜಿನಗರದ ರಸೆಲ್ ಮಾರುಕಟ್ಟೆಯಿಂದ ಹಲಸೂರು, ಇಂದಿರಾನಗರ ಹಾದು ಕೃಷ್ಣರಾಜಪುರದವರೆಗೆ, ಈ ಹೆಸರು ಮೂರು ಬೇರೆ ಬೇರೆ ವಸ್ತುಗಳಿಗೆ ಚಾಲ್ತಿಯಲ್ಲಿದೆ. ಟೆಕ್ ಪಾರ್ಕುಗಳ ನೌಕರರಿಗೆ ಅದು ಕಂಪನಿಯ ಲ್ಯಾಪ್‌ಟಾಪಿನಲ್ಲಿ ಬೆಳಿಗ್ಗೆ ಎದ್ದು ಲಾಗಿನ್ ಆಗಬೇಕಾದ ಕಿಟಕಿ. ಫೋನಿನ ಜಾಹೀರಾತು ನೋಡಿದವರಿಗೆ ಬಾಡಿಗೆಯ ಅಥವಾ ಬಿಟ್ಟಿಯ ಒಂದು ಆ್ಯಪ್. ಮೂರನೆಯದು, ಮನೆಯಲ್ಲೋ ಅಂಗಡಿಯಲ್ಲೋ ರೂಟರಿನ ಹಿಂದೆ ಕೂತಿರುವ ಕ್ಯಾಮೆರಾ ಪೆಟ್ಟಿಗೆ, ಲೆಕ್ಕದ ಕಂಪ್ಯೂಟರು, ಫೋಟೊ ತುಂಬಿದ ಹಾರ್ಡ್ ಡಿಸ್ಕುಗಳನ್ನು ಹೊರಗಿನಿಂದ ಮುಟ್ಟಲು ಮನೆಯವರೇ ಕಟ್ಟಿಕೊಳ್ಳುವ ವಿಪಿಎನ್. ಇಲ್ಲಿ ಮುಖ್ಯವಾದದ್ದು ಈ ಮೂರನೆಯದು. ಕಚೇರಿಯ ವಿಪಿಎನ್ ಮನೆಯ ಜಾಲದಲ್ಲಿ ಕೆಡುವ ಬಗೆಯೂ ಇದರೊಳಗೇ ಬರುತ್ತದೆ. ಬಾಡಿಗೆ ಆ್ಯಪಿನ ಬಗ್ಗೆ ಹೇಳಬೇಕಾದದ್ದು ಕಡಿಮೆ. ಜಾಹೀರಾತಿನವರು ಈಗಾಗಲೇ ಬೇಕಾದ್ದಕ್ಕಿಂತ ಹೆಚ್ಚು ಹೇಳಿದ್ದಾರೆ.

ಈ ಭಾಗದಲ್ಲಿ ಮನೆಯ ವಿಪಿಎನ್ ಕೈಕೊಟ್ಟರೆ ತಪ್ಪು ಗೂಢಲಿಪಿಯಲ್ಲಿರುವುದು ತೀರ ಅಪರೂಪ. ಅದು ವಿಳಾಸದಲ್ಲಿರುತ್ತದೆ, ಇಲ್ಲವೇ ದಾರಿಯಲ್ಲಿರುತ್ತದೆ. ಆದರೂ ಜನ ಮೊದಲು ಬದಲಾಯಿಸುವುದು ಆ್ಯಪನ್ನು.

ಹಿನ್ನೆಲೆ

ಖಾಸಗಿ ಸಂಪರ್ಕದ ಕಥೆ ಈ ಪ್ರದೇಶದಲ್ಲಿ ಅಂತರಜಾಲಕ್ಕಿಂತ ಹಳೆಯದು. ಹಳೆ ಮದರಾಸು ರಸ್ತೆಯ ದೂರವಾಣಿನಗರದಲ್ಲಿ 1948ರಲ್ಲಿ ಶುರುವಾದ ಐಟಿಐ ಕಾರ್ಖಾನೆ ದೇಶದ ಟೆಲಿಫೋನ್ ಎಕ್ಸ್‌ಚೇಂಜುಗಳಿಗೆ ಯಂತ್ರ ಮಾಡಿಕೊಟ್ಟಿತು. ಮನೆಗೆ ಫೈಬರ್ ತರುವ ಜಿಪಾನ್ ಉಪಕರಣಗಳನ್ನು ಸಿ-ಡಾಟ್ ತಂತ್ರಜ್ಞಾನದಲ್ಲಿ ತಯಾರಿಸಿದ್ದೂ ಅದೇ ಸಂಸ್ಥೆ. 1985ರಲ್ಲಿ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್ ಕಟ್ಟಡದಲ್ಲಿ ನೆಲೆಯೂರಿದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್, ಚಿಪ್ ವಿನ್ಯಾಸದ ದತ್ತಾಂಶವನ್ನು ಅಮೆರಿಕದ ಕಚೇರಿಯೊಂದಿಗೆ ಹಂಚಿಕೊಳ್ಳಲು ಮೀಸಲು ಉಪಗ್ರಹ ಸಂಪರ್ಕವನ್ನೇ ಪಡೆಯಬೇಕಾಯಿತು. ಬೇರೆ ದಾರಿ ಆಗ ಇರಲಿಲ್ಲ. 1991ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಸಂಸ್ಥೆ ಹುಟ್ಟಿ ಇಂಥ ಸಂಪರ್ಕವನ್ನು ಸಣ್ಣ ಕಂಪನಿಗಳಿಗೂ ಹಂಚತೊಡಗಿತು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ದೇಶದಲ್ಲಿ ಸಾರ್ವಜನಿಕ ಅಂತರಜಾಲ ಸೇವೆ ಆರಂಭಿಸಿತು. ಮೀಸಲು ತಂತಿಗೋ ಉಪಗ್ರಹಕ್ಕೋ ಕೊಡುವ ಬಾಡಿಗೆಯನ್ನು ಉಳಿಸಿ, ಅಗ್ಗದ ಸಾರ್ವಜನಿಕ ಸಂಪರ್ಕದಲ್ಲೇ ಖಾಸಗಿ ಮಾತು ನಡೆಸುವುದು ಹೇಗೆ ಎಂಬ ಪ್ರಶ್ನೆ ಅದೇ ಹೊತ್ತಿಗೆ ಪ್ರಪಂಚದ ಎಲ್ಲ ಕಂಪನಿಗಳ ಮುಂದೆಯೂ ಇತ್ತು.

ಉತ್ತರಗಳು ಸಾಲಾಗಿ ಬಂದವು. ಐಪಿಸೆಕ್‌ನ ಮೊದಲ ಕರಡುಗಳು 1995ರವು, ಪರಿಷ್ಕೃತ ರೂಪ 1998ರದು. ಮೈಕ್ರೋಸಾಫ್ಟ್ ಮುಂದೆ ನಿಂತು ತಂದ ಪಿಪಿಟಿಪಿ 1996ರಲ್ಲಿ ಕಾಣಿಸಿಕೊಂಡು, ಅದರ ವಿವರ 1999ರಲ್ಲಿ ಪ್ರಕಟವಾಯಿತು. ಅದರ ದೌರ್ಬಲ್ಯವನ್ನು ಬ್ರೂಸ್ ಷ್ನಾಯರ್ ಮತ್ತು ಮಡ್ಜ್ 1998ರಲ್ಲೇ ತೋರಿಸಿಕೊಟ್ಟಿದ್ದರು. 2016ರಲ್ಲಿ ಐಫೋನ್ ಅದನ್ನು ಕೈಬಿಟ್ಟಿತು. ಹಳೆಯ ರೂಟರುಗಳ ಪಟ್ಟಿಯಲ್ಲಿ ಈಗಲೂ ಪಿಪಿಟಿಪಿ ಎಂಬ ಸಾಲು ಕಾಣುತ್ತದೆ. ಅದನ್ನು ಆರಿಸುವುದು ತಪ್ಪು. 2001ರಲ್ಲಿ ಜೇಮ್ಸ್ ಯೋನನ್ ಬರೆದ ಓಪನ್‌ವಿಪಿಎನ್ ಸಾಮಾನ್ಯ ಬಳಕೆದಾರನ ಕೈಗೆ ಬಂದ ಮೊದಲ ನಂಬಲರ್ಹ ಸಾಧನ. ಜೇಸನ್ ಡೊನೆನ್‌ಫೆಲ್ಡ್ ರೂಪಿಸಿದ ವೈರ್‌ಗಾರ್ಡ್ ಸುಮಾರು 4,000 ಸಾಲುಗಳಷ್ಟೇ ಉದ್ದದ ಪುಟ್ಟ ತಂತ್ರಾಂಶ. 2020ರ ಮಾರ್ಚಿನಲ್ಲಿ ಲಿನಕ್ಸ್ 5.6ರ ಒಳಗೇ ಅದಕ್ಕೆ ಜಾಗ ಸಿಕ್ಕಿತು. ಹೊಸದಾಗಿ ಮನೆಗೆ ಹಾಕುವವರಿಗೆ ಇವತ್ತು ಅದನ್ನು ಬಿಟ್ಟು ಬೇರೇನನ್ನಾದರೂ ಸೂಚಿಸಲು ವಿಶೇಷ ಕಾರಣ ಬೇಕು.

ಅದೇ 2020ರ ಮಾರ್ಚ್ ಈ ಊರಿಗೆ ಬೇರೆ ಕಾರಣಕ್ಕೂ ನೆನಪಿದೆ. ಕಾಲ್ ಸೆಂಟರು ಮತ್ತು ಹೊರಗುತ್ತಿಗೆ ಕಂಪನಿಗಳ ನೌಕರರು ಮನೆಯಿಂದ ಕೆಲಸ ಮಾಡಬೇಕಾದರೆ, ಪರವಾನಗಿ ಇರುವ ಟೆಲಿಕಾಂ ಸಂಸ್ಥೆಯೇ ಒದಗಿಸಿದ ವಿಪಿಎನ್ ಬೇಕು, ಭದ್ರತಾ ಠೇವಣಿಯೂ ಬೇಕು ಎಂಬ ನಿಯಮ ಅಲ್ಲಿಯವರೆಗೆ ಇತ್ತು. ದೂರಸಂಪರ್ಕ ಇಲಾಖೆ ಮಾರ್ಚ್ 13ರಂದು ಅದನ್ನು ಸಡಿಲಿಸಿತು. ನವೆಂಬರ್ 5ರ ಹೊಸ ಮಾರ್ಗಸೂಚಿ ಮತ್ತಷ್ಟು ಬಂಧನ ಬಿಡಿಸಿತು. ಇಂದಿರಾನಗರದ ಬಾಡಿಗೆ ಕೋಣೆಗಳೂ ಕೃಷ್ಣರಾಜಪುರದ ಅಪಾರ್ಟ್‌ಮೆಂಟುಗಳೂ ಹೊರವರ್ತುಲ ರಸ್ತೆಯ ಕಚೇರಿಗಳ ತುದಿಗಳಾದವು. ಸಿನಿಮಾ ನೋಡಲೆಂದು ಹಾಕಿಸಿದ್ದ ಫೈಬರ್ ಡಬ್ಬಿಯ ಗುಣದೋಷ ಮನೆಮಂದಿಗೆಲ್ಲ ಗೊತ್ತಾದದ್ದು ಆಗಲೇ.

ಮಾರುಕಟ್ಟೆ ಪ್ರದೇಶದ ಅಗತ್ಯ ಇದಕ್ಕಿಂತ ಭಿನ್ನ. ರಸೆಲ್ ಮಾರುಕಟ್ಟೆ 1927ರಲ್ಲಿ ಕಟ್ಟಿದ್ದು. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಿನ ಅಂದಿನ ಪುರಸಭಾ ಕಮಿಷನರ್ ಟಿ. ಬಿ. ರಸೆಲ್ ಹೆಸರು ಹೊತ್ತ ಇದನ್ನು 1933ರಲ್ಲಿ ಉದ್ಯಮಿ ಇಸ್ಮಾಯಿಲ್ ಸೇಠ್ ಉದ್ಘಾಟಿಸಿದರು. ಸುತ್ತಲಿನ ಓಣಿಗಳಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ. ಅಥವಾ ಅಂಗಡಿ ಇಲ್ಲಿ, ಮನೆ ಫ್ರೇಜರ್ ಟೌನಿನಲ್ಲೋ ಟ್ಯಾನರಿ ರಸ್ತೆಯಲ್ಲೋ. ಇಲ್ಲಿನ ಮಾಲೀಕನಿಗೆ ಬೇಕಾದ್ದು ರಾತ್ರಿ ಮನೆಯಿಂದ ಗಲ್ಲಾಪೆಟ್ಟಿಗೆಯ ಕ್ಯಾಮೆರಾ ನೋಡುವುದು, ಬಿಲ್ಲಿಂಗ್ ಕಂಪ್ಯೂಟರಿನ ದಿನದ ಲೆಕ್ಕ ಮನೆಯ ಡಿಸ್ಕಿಗೆ ತಾನಾಗಿ ನಕಲಾಗುವುದು. 2012ರ ಫೆಬ್ರವರಿಯ ಬೆಂಕಿಯಲ್ಲಿ ಮಾರುಕಟ್ಟೆಯ ಹಲವು ಮಳಿಗೆಗಳು ಸುಟ್ಟಿದ್ದನ್ನು ಕಂಡವರಿಗೆ, ಲೆಕ್ಕದ ಒಂದು ಪ್ರತಿ ಬೇರೆ ಕಟ್ಟಡದಲ್ಲಿರಬೇಕು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕ್ಯಾಮೆರಾ ಹಾಕಲು ಬರುವವರು ಸಾಮಾನ್ಯವಾಗಿ ಮಾಡುವ ಕೆಲಸ, ಕ್ಯಾಮೆರಾದ ಚಿತ್ರ ದಾಖಲಿಸುವ ಡಿವಿಆರ್ ಪೆಟ್ಟಿಗೆಯ ಪೋರ್ಟನ್ನೇ ಅಂತರಜಾಲಕ್ಕೆ ತೆರೆದಿಡುವುದು, ಇಲ್ಲವೇ ತಯಾರಕರ ಕ್ಲೌಡಿಗೆ ಜೋಡಿಸಿ ಹೋಗುವುದು. ಮೊದಲನೆಯದು ಅಪಾಯಕಾರಿ. 2016ರಲ್ಲಿ ಹರಡಿದ ಮಿರಾಯ್ ಎಂಬ ಕುತಂತ್ರಾಂಶ, ಕಾರ್ಖಾನೆಯ ಪಾಸ್‌ವರ್ಡ್ ಬದಲಾಯಿಸದ ಇಂಥ ಕ್ಯಾಮೆರಾ ಮತ್ತು ಡಿವಿಆರುಗಳನ್ನೇ ಹಿಡಿದು ದೊಡ್ಡ ಜಾಲತಾಣಗಳನ್ನು ಉರುಳಿಸಿತು. ಡಿವಿಆರ್ ಒಳಗೇ ಇದ್ದು, ಹೊರಗಿನಿಂದ ವಿಪಿಎನ್ ಮೂಲಕ ಮಾತ್ರ ಕಾಣುವಂತಿದ್ದರೆ ಆ ತೊಂದರೆಯೇ ಇಲ್ಲ.

ವಿಳಾಸವೆಂಬ ತೊಡಕು

ಹೊರಗಿನಿಂದ ಮನೆಗೆ ಬರಬೇಕಾದರೆ ಮನೆಗೆ ಹೊರಗಿನವರಿಗೆ ಗೊತ್ತಾಗುವ ಐಪಿ ವಿಳಾಸ ಬೇಕು. ಪೂರ್ವ ಬೆಂಗಳೂರಿನ ಬಹಳಷ್ಟು ಮನೆಗಳಿಗೆ ಅದು ಇಲ್ಲ. ಐಪಿವಿ4 ವಿಳಾಸಗಳ ಜಾಗತಿಕ ದಾಸ್ತಾನು 2011ರ ಫೆಬ್ರವರಿಯಲ್ಲಿ ಮುಗಿಯಿತು; ಏಷ್ಯಾ-ಪೆಸಿಫಿಕ್ ವಲಯದ ದಾಸ್ತಾನೂ ಅದೇ ಏಪ್ರಿಲಿನಲ್ಲಿ ತಳ ಮುಟ್ಟಿ, ಪಡಿತರದಂತೆ ಹಂಚುವ ಸ್ಥಿತಿ ಬಂತು. ಭಾರತದಲ್ಲಿ ಮನೆಮನೆಗೆ ಫೈಬರ್ ಬಂದದ್ದು ಆಮೇಲೆ. ಹೀಗಾಗಿ ಸೇವಾದಾರರು ಒಂದು ಸಾರ್ವಜನಿಕ ವಿಳಾಸದ ಹಿಂದೆ ನೂರಾರು ಮನೆಗಳನ್ನು ಕೂರಿಸುತ್ತಾರೆ. ಇದಕ್ಕೆ ಸಿಜಿ-ನ್ಯಾಟ್ ಎಂದು ಹೆಸರು. ‘ರಸೆಲ್ ಮಾರುಕಟ್ಟೆ, ಬೆಂಗಳೂರು’ ಎಂದಷ್ಟೇ ಬರೆದ ಪಾರ್ಸೆಲ್ ಮಾರುಕಟ್ಟೆಯ ಬಾಗಿಲವರೆಗೆ ಬಂದೀತು, ಒಳಗೆ ಯಾವ ಮಳಿಗೆಗೆ ಎಂಬುದು ಯಾರಿಗೂ ತಿಳಿಯದು. ಆದರೆ ಮಳಿಗೆಯವನೇ ಆಳನ್ನು ಹೊರಗೆ ಕಳಿಸಿದ್ದರೆ ಉತ್ತರ ಆ ಆಳಿನ ಕೈಯಲ್ಲೇ ವಾಪಸು ಬರುತ್ತದೆ. ಸಿಜಿ-ನ್ಯಾಟ್‌ನಲ್ಲಿ ನಡೆಯುವುದೂ ಇದೇ. ಒಳಗಿನಿಂದ ಹೊರಟ ಸಂಪರ್ಕಕ್ಕೆಲ್ಲ ಉತ್ತರ ಸಿಗುವುದರಿಂದ ಯೂಟ್ಯೂಬ್, ಬ್ಯಾಂಕ್, ಕಚೇರಿಯ ವಿಪಿಎನ್ ಎಲ್ಲವೂ ನಡೆಯುತ್ತವೆ. ಹೊರಗಿನಿಂದ ಮೊದಲು ತಟ್ಟುವ ಸಂಪರ್ಕ ಮಾತ್ರ ಸೇವಾದಾರರ ಯಂತ್ರದಲ್ಲೇ ನಿಂತುಹೋಗುತ್ತದೆ.

ಪರೀಕ್ಷೆ ಸುಲಭ. ರೂಟರಿನ ಪುಟದಲ್ಲಿ ‘ವ್ಯಾನ್’ ಅಥವಾ ‘ಇಂಟರ್ನೆಟ್’ ಎಂಬಲ್ಲಿ ಕಾಣುವ ವಿಳಾಸವನ್ನು, ‘ನನ್ನ ಐಪಿ ಯಾವುದು’ ಎಂದು ಹುಡುಕಿದಾಗ ಜಾಲತಾಣ ತೋರಿಸುವ ವಿಳಾಸದೊಂದಿಗೆ ಹೋಲಿಸಬೇಕು. ಎರಡೂ ಒಂದೇ ಆದರೆ ಮನೆಗೆ ಸ್ವಂತ ವಿಳಾಸವಿದೆ. ರೂಟರಿನಲ್ಲಿ 100.64ರಿಂದ 100.127ರೊಳಗಿನ ವಿಳಾಸ ಕಂಡರೆ ಅದು ಸಿಜಿ-ನ್ಯಾಟ್. 2012ರ ಏಪ್ರಿಲಿನಲ್ಲಿ ಆ ಸರಣಿಯನ್ನು ಮೀಸಲಿಟ್ಟದ್ದೇ ಇದಕ್ಕಾಗಿ. ಓಣಿಯ ಕೇಬಲ್‌ನವರಿಂದ ಸಂಪರ್ಕ ಪಡೆದ ಮನೆಗಳಲ್ಲಿ 10ರಿಂದ ಶುರುವಾಗುವ ವಿಳಾಸವೂ ಕಾಣುವುದುಂಟು. ಅರ್ಥ ಅದೇ. ಈ ಎರಡು ನಿಮಿಷದ ಪರೀಕ್ಷೆ ಮಾಡದೆ ಪೋರ್ಟ್ ಫಾರ್ವರ್ಡಿಂಗ್ ಎಂದು ವಾರಗಟ್ಟಲೆ ಗುದ್ದಾಡುವವರು ಬಹಳ.

ಸ್ವಂತ ವಿಳಾಸ ಇಲ್ಲವಾದರೆ ದಾರಿಗಳಿವೆ. ಸೇವಾದಾರರಿಂದ ಹಣ ಕೊಟ್ಟು ಸ್ಟ್ಯಾಟಿಕ್ ಐಪಿ ಪಡೆಯುವುದು ಅತ್ಯಂತ ನೇರವಾದದ್ದು. ಅಂಗಡಿಗೆ ಇದು ಸರಿ. ಐಪಿವಿ6 ಎರಡನೆಯ ದಾರಿ. ದೊಡ್ಡ ಸೇವಾದಾರರ ಫೈಬರಿನಲ್ಲಿ ಮನೆಯ ಪ್ರತಿ ಸಾಧನಕ್ಕೂ ಸಾರ್ವಜನಿಕ ಐಪಿವಿ6 ವಿಳಾಸ ಸಿಗುತ್ತದೆ, ಮೊಬೈಲ್ ಜಾಲದಲ್ಲೂ ಅದು ಹಾಸುಹೊಕ್ಕಾಗಿದೆ. ಆದ್ದರಿಂದ ಫೋನಿನಿಂದ ಮನೆಗೆ ಐಪಿವಿ6 ಮೂಲಕ ಬರುವುದು ಬಿಟ್ಟಿಯಾಗಿ ಆಗುವ ಕೆಲಸ. ರೂಟರಿನ ಫೈರ್‌ವಾಲ್ ಒಳಬರುವುದನ್ನು ತಡೆದಿರುತ್ತದೆ, ಅದರಲ್ಲೊಂದು ಕಿಂಡಿ ಬಿಡಬೇಕು; ಕೆಲವು ಸೇವಾದಾರರ ಡಬ್ಬಿಗಳಲ್ಲಿ ಆ ಕಿಂಡಿ ಬಿಡುವ ಪುಟವೇ ಇರುವುದಿಲ್ಲ. ಐಪಿವಿ4 ಮಾತ್ರ ಇರುವ ಹೋಟೆಲ್ ವೈಫೈನಿಂದ ಬಂದರೆ ಈ ದಾರಿಯೂ ಮುಚ್ಚಿದಂತೆಯೇ.

ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ಬಾಡಿಗೆಗೆ ಸಿಗುವ ಸಣ್ಣ ವಿಪಿಎಸ್ ಸರ್ವರನ್ನು ನಡುವೆ ನಿಲ್ಲಿಸುವುದು ಮೂರನೆಯ ದಾರಿ. ಮನೆಯೂ ಫೋನೂ ಒಳಗಿನಿಂದ ಹೊರಟು ಆ ಸರ್ವರಿನಲ್ಲಿ ಕೂಡುತ್ತವೆ, ಸಿಜಿ-ನ್ಯಾಟ್ ಅಡ್ಡಿಯಾಗುವುದಿಲ್ಲ. ಇದನ್ನೇ ಕಡಿಮೆ ಶ್ರಮದಲ್ಲಿ ಮಾಡಿಕೊಡುವುದು 2019ರಲ್ಲಿ ಶುರುವಾದ ಟೇಲ್‌ಸ್ಕೇಲ್‌ನಂಥ ಸೇವೆಗಳು. ಒಳಗೆ ವೈರ್‌ಗಾರ್ಡೇ ಇದೆ. ಎರಡು ತುದಿಗಳನ್ನು ಪರಸ್ಪರ ಪರಿಚಯಿಸುವ ಕೆಲಸ ಮಾತ್ರ ಕಂಪನಿಯದು. ಜಾಲದ ಗೋಜು ಬೇಡವೆನ್ನುವ ಅಂಗಡಿಯವರಿಗೆ ಇದೇ ಒಳ್ಳೆಯದು. ಎಲ್ಲವೂ ತನ್ನ ಕೈಯಲ್ಲೇ ಇರಬೇಕೆನ್ನುವವರಿಗೆ ವಿಪಿಎಸ್.

ಇನ್ನೊಂದು ಸ್ಥಳೀಯ ತೊಡಕು ಗೋಡೆಗಳದು. ದಂಡು ಪ್ರದೇಶದ ಹಳೆಯ ಮನೆಗಳ ದಪ್ಪ ಗೋಡೆ ದಾಟಿ ವೈಫೈ ಒಳಕೋಣೆಗೆ ಬರುವುದಿಲ್ಲ. ಆಗ ಸೇವಾದಾರರ ಡಬ್ಬಿಯ ಹಿಂದೆ ಇನ್ನೊಂದು ರೂಟರ್ ತಂದು ಜೋಡಿಸುತ್ತಾರೆ, ಅದೂ ‘ವ್ಯಾನ್’ ಕಿಂಡಿಗೇ. ವೈಫೈ ಚೆನ್ನಾಗಿ ಬರುತ್ತದೆ, ಆದರೆ ಮನೆಯೊಳಗೇ ಎರಡು ನ್ಯಾಟ್, ಅಂದರೆ ವಿಳಾಸ ಬದಲಾಯಿಸುವ ಎರಡು ಹಂತ, ಆದವು. ಮೊದಲ ಡಬ್ಬಿಯಲ್ಲಿ ಪೋರ್ಟ್ ತೆರೆದರೆ ಅದು ಎರಡನೆಯ ರೂಟರಿನ ಹೊಸ್ತಿಲಲ್ಲಿ ನಿಲ್ಲುತ್ತದೆ. ಎರಡನೆಯದನ್ನು ‘ಆ್ಯಕ್ಸೆಸ್ ಪಾಯಿಂಟ್’ ಸ್ಥಿತಿಗೆ ಇಡುವುದು ಅಥವಾ ಸೇವಾದಾರರನ್ನು ಕೇಳಿ ಮೊದಲ ಡಬ್ಬಿಯನ್ನು ‘ಬ್ರಿಡ್ಜ್’ ಸ್ಥಿತಿಗೆ ಹಾಕಿಸುವುದು ಪರಿಹಾರ.

ಮನೆಯ ಒಳವಿಳಾಸಗಳ ತೊಡಕು ಇನ್ನೂ ಸೂಕ್ಷ್ಮ. ಖಾಸಗಿ ಬಳಕೆಗೆ ಬಿಟ್ಟುಕೊಟ್ಟ ವಿಳಾಸಗಳಲ್ಲಿ 192.168.0 ಮತ್ತು 192.168.1 ಲೋಕದ ಅರ್ಧ ರೂಟರುಗಳ ಹುಟ್ಟುಗುಣ. ಜಿಯೋ ಫೈಬರಿನ ಡಬ್ಬಿಗಳಲ್ಲಿ 192.168.29. ಅಂಗಡಿಯಲ್ಲೂ ಮನೆಯಲ್ಲೂ ಒಂದೇ ಕಂಪನಿಯ ಫೈಬರ್ ಇದ್ದರೆ ಎರಡೂ ಕಡೆ ಒಂದೇ ಸರಣಿ. ಮನೆಯ ಕಂಪ್ಯೂಟರಿಗೆ 192.168.29.10 ಎಂಬ ಡಿವಿಆರ್ ಬೇಕೆಂದರೆ ಅದು ಮನೆಯೊಳಗೇ ಹುಡುಕುತ್ತದೆ, ವಿಪಿಎನ್ ಕಡೆ ತಿರುಗಿಯೂ ನೋಡುವುದಿಲ್ಲ. ಅಳವಡಿಕೆಗೆ ಕೈಹಾಕುವ ಮೊದಲೇ ಒಂದು ಕಡೆಯ ಸರಣಿಯನ್ನು 192.168.73 ಎಂಬಂಥ ಯಾರೂ ಬಳಸದ ಸಂಖ್ಯೆಗೆ ಬದಲಾಯಿಸಿಟ್ಟರೆ ಮುಂದಿನ ಎಷ್ಟೋ ತಲೆನೋವು ತಪ್ಪುತ್ತದೆ.

ಅಳವಡಿಕೆ

ಸೇವಾದಾರರು ಕೊಡುವ ಡಬ್ಬಿಗಳಲ್ಲಿ ಸಾಮಾನ್ಯವಾಗಿ ವಿಪಿಎನ್ ಸರ್ವರ್ ಇರುವುದಿಲ್ಲ. ವೈರ್‌ಗಾರ್ಡ್ ಬಲ್ಲ ರೂಟರನ್ನು ಕೊಳ್ಳಬಹುದು, ಓಪನ್‌ಡಬ್ಲ್ಯುಆರ್‌ಟಿ ಹಾಕಬಲ್ಲ ಹಳೆಯ ರೂಟರನ್ನು ಎಸ್‌.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಹುಡುಕಬಹುದು, ಅಥವಾ ಒಂದು ರಾಸ್‌ಬೆರಿ ಪೈ ಕಂಪ್ಯೂಟರನ್ನು ಡಬ್ಬಿಗೆ ತಂತಿಯಲ್ಲೇ ಜೋಡಿಸಬಹುದು. ಹಳೆಯ ಸಣ್ಣ ರೂಟರಿನಲ್ಲಿ ಓಪನ್‌ವಿಪಿಎನ್ ಹಾಕಿ ನಿಧಾನವೆಂದು ಬೈಯುವುದರಲ್ಲಿ ಅರ್ಥವಿಲ್ಲ. ಅದು ಒಂದೇ ಪ್ರೊಸೆಸರ್ ಎಳೆಯಲ್ಲಿ ಲೆಕ್ಕ ಮಾಡುವಂಥದ್ದು.

ವೈರ್‌ಗಾರ್ಡಿನಲ್ಲಿ ಬಳಕೆದಾರ ಹೆಸರು, ಪಾಸ್‌ವರ್ಡ್ ಯಾವುದೂ ಇಲ್ಲ. ಪ್ರತಿ ಸಾಧನಕ್ಕೂ ಒಂದು ಜೋಡಿ ಕೀ: ಖಾಸಗಿಯದು ಆ ಸಾಧನದಲ್ಲೇ ಉಳಿಯಬೇಕು, ಸಾರ್ವಜನಿಕವಾದದ್ದನ್ನು ಎದುರು ತುದಿಗೆ ಕೊಡಬೇಕು. ಸರ್ವರಿನಲ್ಲಿ ಪ್ರತಿ ಫೋನಿಗೂ ಒಂದು ‘ಪಿಯರ್’ ನಮೂದು, ಅದಕ್ಕೊಂದು ಪ್ರತ್ಯೇಕ ಒಳವಿಳಾಸ. ಫೋನಿಗೆ ಇದನ್ನೆಲ್ಲ ಕ್ಯೂಆರ್ ಚಿತ್ರವಾಗಿ ತೋರಿಸಿ ಸ್ಕ್ಯಾನ್ ಮಾಡಿಸುವುದು ರೂಢಿ. ಒಂದೇ ಕ್ಯೂಆರನ್ನು ಗಂಡ, ಹೆಂಡತಿ, ಮಗ ಮೂವರ ಫೋನಿಗೂ ತೋರಿಸುವುದು ಅತಿ ಸಾಮಾನ್ಯವಾದ ತಪ್ಪು. ಒಂದೇ ಕೀ ಎರಡು ಕಡೆಯಿಂದ ಮಾತಾಡಿದರೆ ಸರ್ವರ್ ಕೊನೆಗೆ ಮಾತಾಡಿದವರಿಗಷ್ಟೇ ಉತ್ತರಿಸುತ್ತದೆ. ಒಬ್ಬರದು ನಡೆದರೆ ಇನ್ನೊಬ್ಬರದು ನಿಲ್ಲುತ್ತದೆ, ಕಾರಣ ಮಾತ್ರ ಯಾರಿಗೂ ಹೊಳೆಯುವುದಿಲ್ಲ.

‘ಅಲೌಡ್ ಐಪಿ’ ಎಂಬ ಸಾಲಿನ ಅರ್ಥ ತಿಳಿದರೆ ಮುಕ್ಕಾಲು ವೈರ್‌ಗಾರ್ಡ್ ತಿಳಿದಂತೆ. ಯಾವ ವಿಳಾಸಗಳಿಗೆ ಹೋಗುವುದನ್ನು ಈ ಟನಲ್ಲಿಗೆ ಹಾಕಬೇಕು ಎಂಬುದನ್ನು ಹೇಳುವ ಸಾಲು ಅದೇ. ಒಳಬಂದದ್ದನ್ನು ಯಾವ ವಿಳಾಸದ ಹೆಸರಿನಲ್ಲಿ ನಂಬಬೇಕು ಎಂಬುದನ್ನೂ ಅದೇ ಹೇಳುತ್ತದೆ. ಫೋನಿನಲ್ಲಿ ಅಲ್ಲಿ 0.0.0.0/0 ಎಂದು ಬರೆದರೆ ಎಲ್ಲವೂ ಮನೆಯ ಮೂಲಕವೇ ಹೋಗುತ್ತದೆ, 192.168.73.0/24 ಎಂದಷ್ಟೇ ಬರೆದರೆ ಮನೆಯ ಸಾಧನಗಳಿಗೆ ಹೋಗುವುದು ಮಾತ್ರ. ಕ್ಯಾಮೆರಾ ನೋಡುವುದಕ್ಕೆ ಎರಡನೆಯದು ಸಾಕು. ಬ್ಯಾಂಕ್ ಮತ್ತು ಯುಪಿಐ ಆ್ಯಪುಗಳಲ್ಲಿ ಕೆಲವು ವಿಪಿಎನ್ ಚಾಲೂ ಇರುವುದನ್ನು ಕಂಡರೇ ಮುನಿಸಿಕೊಳ್ಳುತ್ತವೆ. ಅಂಥ ಆ್ಯಪುಗಳನ್ನು ಆಂಡ್ರಾಯ್ಡ್‌ನ ವೈರ್‌ಗಾರ್ಡಿನಲ್ಲಿ ಹೆಸರಿಸಿ ಹೊರಗಿಡುವ ಸೌಲಭ್ಯವಿದೆ.

ಸರ್ವರಿನ ಕಡೆ ಉಳಿಯುವ ಕೆಲಸ: ಡಬ್ಬಿಯಲ್ಲಿ ಯುಡಿಪಿ 51820 ಪೋರ್ಟನ್ನು ಸರ್ವರಿಗೆ ತಿರುಗಿಸುವುದು, ಸರ್ವರಿನ ಒಳವಿಳಾಸ ಬದಲಾಗದಂತೆ ಕಾಯ್ದಿರಿಸುವುದು, ಪ್ಯಾಕೆಟ್ಟುಗಳನ್ನು ಮುಂದಕ್ಕೆ ಸಾಗಿಸುವ ಅನುಮತಿಯನ್ನು ಲಿನಕ್ಸಿನಲ್ಲಿ ಆನ್ ಮಾಡುವುದು, ಬದಲಾಗುವ ಸಾರ್ವಜನಿಕ ವಿಳಾಸಕ್ಕೆ ಡೈನಮಿಕ್ ಡಿಎನ್‌ಎಸ್ ಹೆಸರು ಪಡೆಯುವುದು. ಸಿಜಿ-ನ್ಯಾಟ್ ಹಿಂದಿನಿಂದ ವಿಪಿಎಸ್‌ಗೆ ಹೋಗುವ ತುದಿಯಲ್ಲಿ ‘ಕೀಪ್‌ಅಲೈವ್’ 25 ಸೆಕೆಂಡಿಗೆ ಇಡಬೇಕು. ಇಲ್ಲವಾದರೆ ಸ್ವಲ್ಪ ಹೊತ್ತು ಮಾತಿಲ್ಲದಿದ್ದರೂ ನಡುವಿನ ಯಂತ್ರ ಆ ಸಂಪರ್ಕವನ್ನು ಮರೆತುಬಿಡುತ್ತದೆ.

ದೋಷಪತ್ತೆ

ಪರೀಕ್ಷೆಯನ್ನು ಮನೆಯ ವೈಫೈನಲ್ಲೇ ಕೂತು ಮಾಡಬಾರದು. ಒಳಗಿನಿಂದ ತನ್ನದೇ ಹೊರವಿಳಾಸಕ್ಕೆ ಹೋಗಿ ತಿರುಗಿ ಬರುವುದು ಅನೇಕ ರೂಟರುಗಳಿಗೆ ಬರುವುದಿಲ್ಲ. ಫೋನಿನ ವೈಫೈ ಆರಿಸಿ ಮೊಬೈಲ್ ಡೇಟಾದಿಂದ ನೋಡಬೇಕು. ಪೋರ್ಟ್ ತೆರೆದಿದೆಯೇ ಎಂದು ಹೇಳುವ ಜಾಲತಾಣಗಳನ್ನೂ ನಂಬಬಾರದು. ಕೀ ಇಲ್ಲದವರು ತಟ್ಟಿದರೆ ವೈರ್‌ಗಾರ್ಡ್ ಉತ್ತರಿಸುವುದೇ ಇಲ್ಲ, ಆದ್ದರಿಂದ ಅದು ಸದಾ ಮುಚ್ಚಿದಂತೆಯೇ ಕಾಣುತ್ತದೆ.

ವೈರ್‌ಗಾರ್ಡಿನ ಆ್ಯಪು ‘ಕನೆಕ್ಟೆಡ್’ ಎಂಬಂತೆ ಹಸಿರಾಗುವುದಕ್ಕೂ ಸಂಪರ್ಕ ಆಗಿರುವುದಕ್ಕೂ ಸಂಬಂಧವಿಲ್ಲ. ಸ್ವಿಚ್ ಹಾಕಿದರೆ ಅದು ಹಸಿರಾಗುತ್ತದೆ, ಅಷ್ಟೆ. ನೋಡಬೇಕಾದ್ದು ‘ಲೇಟೆಸ್ಟ್ ಹ್ಯಾಂಡ್‌ಶೇಕ್’ ಎಂಬ ಸಾಲು. ಅದು ಇಲ್ಲವೇ ಇಲ್ಲ ಎಂದಾದರೆ ಪ್ಯಾಕೆಟ್ ಮನೆ ತಲುಪಿಲ್ಲ ಅಥವಾ ಕೀ ತಪ್ಪಿದೆ. ಸಿಜಿ-ನ್ಯಾಟ್, ಎರಡು ನ್ಯಾಟ್, ತಪ್ಪು ಪೋರ್ಟ್, ಹಳೆಯ ವಿಳಾಸ ಎಲ್ಲವೂ ಈ ಗುಂಪಿನವು. ಹ್ಯಾಂಡ್‌ಶೇಕ್ ಆಗಿದೆ ಆದರೆ ಏನೂ ತೆರೆಯುವುದಿಲ್ಲ ಎಂದರೆ ದಾರಿಯವರೆಗೆ ಎಲ್ಲ ಸರಿ: ಅಲೌಡ್ ಐಪಿ, ಪ್ಯಾಕೆಟ್ ಸಾಗಣೆ, ಫೈರ್‌ವಾಲ್ ಇವುಗಳಲ್ಲಿ ಒಂದು ಕೆಟ್ಟಿದೆ. ಅಂಕಿಯ ವಿಳಾಸ ಹಾಕಿದರೆ ತೆರೆಯುತ್ತದೆ, ಹೆಸರು ಹಾಕಿದರೆ ಇಲ್ಲ ಎಂದರೆ ಡಿಎನ್‌ಎಸ್. ಈ ಮೂರು ಪ್ರಶ್ನೆಗಳನ್ನು ಈ ಕ್ರಮದಲ್ಲೇ ಕೇಳಿದರೆ ಸಮಯ ಉಳಿಯುತ್ತದೆ.

ಪಿಂಗ್ ಹೋಗುತ್ತದೆ, ಸಣ್ಣ ಪುಟ ತೆರೆಯುತ್ತದೆ, ಕ್ಯಾಮೆರಾದ ಚಿತ್ರ ಅಥವಾ ದೊಡ್ಡ ಫೈಲು ಮಾತ್ರ ಅರ್ಧಕ್ಕೇ ನಿಲ್ಲುತ್ತದೆ ಎಂಬ ದೂರು ಬೇರೆಯೇ ಜಾತಿಯದು. ಅದು ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ. ಸಾಮಾನ್ಯ ಈಥರ್ನೆಟ್ಟಿನಲ್ಲಿ ಅದು 1500 ಬೈಟು. ಲಾಗಿನ್ ಕೇಳುವ ಪಿಪಿಪಿಒಇ ಸಂಪರ್ಕದಲ್ಲಿ 1492. ವೈರ್‌ಗಾರ್ಡ್ ತನ್ನ ಹೊದಿಕೆಗೆ ಐಪಿವಿ4ರಲ್ಲಿ 60, ಐಪಿವಿ6ರಲ್ಲಿ 80 ಬೈಟು ತೆಗೆದುಕೊಳ್ಳುವುದರಿಂದ ಒಳಗಿನ ಗಾತ್ರವನ್ನು 1420ಕ್ಕೆ ಇಟ್ಟಿರುತ್ತದೆ. ಪಿಪಿಪಿಒಇ ಮೇಲೆ ಐಪಿವಿ6 ದಾರಿಯಲ್ಲಿ ಹೊರಟರೆ ಇದು 8 ಬೈಟು ಹೆಚ್ಚಾಗುತ್ತದೆ, 1412ಕ್ಕೆ ಇಳಿಸಬೇಕು. ಮೊಬೈಲ್ ಜಾಲಗಳಲ್ಲಿ ಇನ್ನೂ ಕಡಿಮೆ ಬೇಕಾಗಬಹುದು. ಲೆಕ್ಕ ಬೇಡವೆಂದರೆ 1280 ಇಟ್ಟು ನೋಡುವುದು. ಐಪಿವಿ6 ಎಲ್ಲ ದಾರಿಗಳಿಂದಲೂ ಕೇಳುವ ಕನಿಷ್ಠ ಗಾತ್ರ ಅದೇ, ವೇಗದಲ್ಲಿ ಆಗುವ ನಷ್ಟ ಅಲ್ಪ.

ಕರೆಂಟ್ ಹೋಗಿ ಬಂದ ಮೇಲೆ ಕೆಡುವ ವಿಪಿಎನ್ ಈ ಊರಿನದೇ ವಿಶೇಷ ಎನ್ನಬಹುದು. ಇದಕ್ಕೆ ಎರಡು ಕಾರಣ. ಡಬ್ಬಿ ಮರುಹುಟ್ಟು ಪಡೆದಾಗ ಸಾರ್ವಜನಿಕ ವಿಳಾಸ ಬದಲಾಗುತ್ತದೆ, ಡೈನಮಿಕ್ ಡಿಎನ್‌ಎಸ್ ಹೆಸರು ಹೊಸ ವಿಳಾಸಕ್ಕೆ ತಿರುಗುತ್ತದೆ. ಆದರೆ ವೈರ್‌ಗಾರ್ಡ್ ಆ ಹೆಸರನ್ನು ಶುರುವಿನಲ್ಲಿ ಒಮ್ಮೆ ಮಾತ್ರ ವಿಚಾರಿಸಿ, ಆಮೇಲೆ ಹಳೆಯ ವಿಳಾಸಕ್ಕೇ ಕೂಗುತ್ತಿರುತ್ತದೆ. ಆ ತುದಿಯಲ್ಲಿ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ. ಎರಡು ಕಟ್ಟಡಗಳ ನಡುವಿನ ಕಾಯಂ ಸಂಪರ್ಕವಾದರೆ ಕೆಲವು ನಿಮಿಷಕ್ಕೊಮ್ಮೆ ಹೆಸರನ್ನು ಮರುವಿಚಾರಿಸುವ ಸಣ್ಣ ಸ್ಕ್ರಿಪ್ಟ್ ಬೇಕು. ಎರಡನೆಯ ಕಾರಣ ಗಡಿಯಾರ. ವೈರ್‌ಗಾರ್ಡಿನ ಹ್ಯಾಂಡ್‌ಶೇಕಿನಲ್ಲಿ ವೇಳೆಯ ಮುದ್ರೆ ಇರುತ್ತದೆ. ಹಿಂದೆ ಕಂಡದ್ದಕ್ಕಿಂತ ಹಳೆಯ ವೇಳೆ ಹೊತ್ತು ಬಂದ ಕರೆಯನ್ನು ಎದುರು ತುದಿ ಕದ್ದ ಪ್ರತಿ ಎಂದು ತಿಳಿದು ತಳ್ಳಿಹಾಕುತ್ತದೆ. ರಾಸ್‌ಬೆರಿ ಪೈನ ನಾಲ್ಕನೆಯ ಪೀಳಿಗೆಯವರೆಗೂ ಬ್ಯಾಟರಿ ಗಡಿಯಾರ ಇರಲಿಲ್ಲ. ಕರೆಂಟ್ ಬಂದಾಗ ಅದು ಹಳೆಯ ವೇಳೆಯಲ್ಲೇ ಎದ್ದು, ಫೈಬರ್ ಬಂದು ವೇಳೆ ಸರಿಹೊಂದುವವರೆಗೆ ವಿಪಿಎಸ್‌ನಿಂದ ತಿರಸ್ಕಾರ ಉಣ್ಣುತ್ತದೆ. ಓಪನ್‌ವಿಪಿಎನ್‌ನಲ್ಲೂ ಇದೇ ತೊಂದರೆ ‘ಸರ್ಟಿಫಿಕೇಟ್ ಇನ್ನೂ ಜಾರಿಗೆ ಬಂದಿಲ್ಲ’ ಎಂಬ ದೂರಾಗಿ ಕಾಣುತ್ತದೆ. ಡಬ್ಬಿ, ರೂಟರ್, ಪೈ ಮೂರಕ್ಕೂ ಒಂದು ಮಿನಿ ಯುಪಿಎಸ್ ಹಾಕುವುದು ಅತಿ ಅಗ್ಗದ ದುರಸ್ತಿ.

ಕಚೇರಿಯ ವಿಪಿಎನ್ ಮನೆಯಲ್ಲಿ ನಿಂತರೆ ಮೊದಲು ಅದು ಐಪಿಸೆಕ್ ಜಾತಿಯದೇ ಎಂದು ತಿಳಿಯಬೇಕು. ಐಪಿಸೆಕ್‌ಗೆ ಯುಡಿಪಿ 500 ಮತ್ತು 4500 ಪೋರ್ಟುಗಳು ಬೇಕು. ಇವು ತೆರೆದಿವೆಯೇ ಎಂದು ನೋಡಲು ಯಾರೂ ಅಷ್ಟಾಗಿ ಗಮನಿಸದ ಒಂದು ಉಪಾಯವಿದೆ. 2019ರ ಡಿಸೆಂಬರಿನಿಂದ ನಮ್ಮ ಟೆಲಿಕಾಂ ಕಂಪನಿಗಳು ಕೊಡತೊಡಗಿದ ವೈಫೈ ಕಾಲಿಂಗ್ ಒಳಗೊಳಗೆ ಐಪಿಸೆಕ್ ಟನಲ್ಲೇ. ಟವರಿನ ಸಿಗ್ನಲ್ ಬಾರದ ಒಳಕೋಣೆಯಲ್ಲಿ ಫೋನು ವೈಫೈ ಮೂಲಕ ಕರೆ ಮಾಡುತ್ತಿದ್ದರೆ ಆ ಪೋರ್ಟುಗಳಿಗೆ ಅಡ್ಡಿಯಿಲ್ಲ ಎಂದೇ ಅರ್ಥ; ತಪ್ಪನ್ನು ಕಚೇರಿಯ ಕಡೆ ಹುಡುಕಬಹುದು. ವೈಫೈ ಕಾಲಿಂಗೂ ಇಲ್ಲ, ಕಚೇರಿಯೂ ಇಲ್ಲ ಎಂದಾದರೆ ರೂಟರನ್ನು ನೋಡಬೇಕು. ವಿಪಿಎನ್ ಹಾಕಿದೊಡನೆ ಮನೆಯ ಪ್ರಿಂಟರ್ ಮಾಯವಾಗುವುದು ದೋಷವಲ್ಲ, ಎಲ್ಲವನ್ನೂ ಕಚೇರಿಯ ಮೂಲಕವೇ ಕಳಿಸಬೇಕೆಂದು ಕಂಪನಿ ಇಟ್ಟುಕೊಂಡ ನೀತಿ. ಅದನ್ನು ಮನೆಯಲ್ಲಿ ಕೂತು ಸರಿಪಡಿಸಲು ಹೋಗಬಾರದು.

ಆಂಡ್ರಾಯ್ಡ್ ಫೋನುಗಳಲ್ಲಿ ಬ್ಯಾಟರಿ ಉಳಿಸುವ ನೆಪದಲ್ಲಿ ಹಿನ್ನೆಲೆಯ ಆ್ಯಪನ್ನು ಕೊಲ್ಲುವ ಚಟವಿದೆ. ಅರ್ಧ ಗಂಟೆಗೊಮ್ಮೆ ಕಾರಣವಿಲ್ಲದೆ ಕಡಿದುಹೋಗುವ ವಿಪಿಎನ್‌ಗೆ ಆ ಪಟ್ಟಿಯಿಂದ ವಿನಾಯಿತಿ ಕೊಟ್ಟರೆ ಸಾಕಾಗುತ್ತದೆ.

ಹೊರನಾಡು ಮತ್ತು ಕಾನೂನು

ಹೊರದೇಶದ ಮಕ್ಕಳು ಬೆಂಗಳೂರಿನ ಮನೆಯ ವಿಪಿಎನ್ ಮೂಲಕ ಇಲ್ಲಿನ ಜಾಲತಾಣ ತೆರೆಯುವುದು ಬಳಕೆಗೆ ಬಂದಿದೆ. ನಮ್ಮ ಸರ್ಕಾರಿ ತಾಣಗಳಲ್ಲಿ ಕೆಲವು ವಿದೇಶಿ ಐಪಿಗಳಿಗೆ ಬಾಗಿಲು ತೆರೆಯುವುದಿಲ್ಲ; ಆಗ ಶಿವಾಜಿನಗರದ ಮನೆಯ ಪೈ ಉಪಯೋಗಕ್ಕೆ ಬರುತ್ತದೆ. ಕ್ಯಾಲಿಫೋರ್ನಿಯದಿಂದ ಹೋಗಿ ಬರುವ ಪ್ರತಿ ಸಂದೇಶಕ್ಕೂ ಸುಮಾರು ಕಾಲು ಸೆಕೆಂಡು ಹಿಡಿಯುವುದರಿಂದ ಅದು ಎಂದೂ ಚುರುಕೆನಿಸುವುದಿಲ್ಲ. ಮನೆಯ ಅಪ್‌ಲೋಡ್ ವೇಗವೇ ಇಲ್ಲಿ ಮೇಲ್ಮಿತಿ. ಕೊಲ್ಲಿಯ ದೇಶಗಳಲ್ಲಿರುವ ಬಂಧುಗಳಿಗೆ ವಿಪಿಎನ್ ಹಾಕಿಕೊಡುವವರು ಅಲ್ಲಿನ ಕಾನೂನು ಕೇಳಿಕೊಳ್ಳುವುದು ಲೇಸು: ಸಂಯುಕ್ತ ಅರಬ್ ಸಂಸ್ಥಾನದ 2021ರ ಸೈಬರ್ ಅಪರಾಧ ಕಾನೂನು, ಅಪರಾಧ ಎಸಗಲು ಅಥವಾ ಅದನ್ನು ಮರೆಮಾಡಲು ಬೇರೆ ಐಪಿ ವಿಳಾಸ ಬಳಸಿದವರಿಗೆ 5 ಲಕ್ಷದಿಂದ 20 ಲಕ್ಷ ದಿರ್ಹಮ್ ದಂಡ, ಜೈಲು ಅಥವಾ ಎರಡೂ ಎನ್ನುತ್ತದೆ.

ಭಾರತದಲ್ಲಿ ವಿಪಿಎನ್ ಬಳಸುವುದು ಅಪರಾಧವಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 70ಬಿ ಕಲಮಿನಡಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ, ಸಾರ್ವಜನಿಕರಿಗೆ ವಿಪಿಎನ್ ಮಾರುವವರು ಚಂದಾದಾರರ ಹೆಸರು, ವಿಳಾಸ, ಸಂಪರ್ಕ, ಕೊಟ್ಟ ಐಪಿಗಳನ್ನು 5 ವರ್ಷ ಕಾಪಾಡಬೇಕೆಂದು ವಿಧಿಸಿತು. ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್‌ಗಳು ತಮ್ಮ ಸರ್ವರುಗಳನ್ನು ದೇಶದಿಂದ ತೆಗೆದವು. ಆ ಕಂಪನಿಗಳ ಆ್ಯಪಿನಲ್ಲಿ ‘ಭಾರತ’ ಎಂದು ಆರಿಸಿದರೆ ಸಿಗುವುದು ಹೊರದೇಶದಲ್ಲಿ ಕೂತ, ಭಾರತದ ವಿಳಾಸ ತೋರಿಸುವ ಸರ್ವರು. ಕಂಪನಿಗಳು ತಮ್ಮ ನೌಕರರಿಗಾಗಿ ಇಟ್ಟುಕೊಂಡ ವಿಪಿಎನ್‌ಗೆ ಈ ವಿಧಿ ಅನ್ವಯಿಸುವುದಿಲ್ಲವೆಂದು ಸರ್ಟ್-ಇನ್ ಆಮೇಲೆ ಸ್ಪಷ್ಟಪಡಿಸಿತು. ಮನೆಯವರು ತಮ್ಮ ಬಳಕೆಗೆ ಕಟ್ಟಿಕೊಂಡದ್ದು ಸಾರ್ವಜನಿಕರಿಗೆ ಮಾರುವ ಸೇವೆಯಲ್ಲ. ಆದರೆ ನಡುವೆ ನಿಲ್ಲಿಸಿದ ಬಾಡಿಗೆಯ ವಿಪಿಎಸ್ ಇದೆಯಲ್ಲ, ಅದನ್ನು ಕೊಡುವವರು ಇದೇ ನಿರ್ದೇಶನದ ವ್ಯಾಪ್ತಿಯಲ್ಲಿದ್ದಾರೆ. ಅಲ್ಲಿ ಬಾಡಿಗೆದಾರನ ಹೆಸರು, ವಿಳಾಸ 5 ವರ್ಷ ದಾಖಲೆಯಲ್ಲಿರುತ್ತವೆ. ಮನೆಯಿಂದ ಹೊರಬಿದ್ದ ಸಂಚಾರವೂ ಮನೆಯ ಫೈಬರ್ ಖಾತೆದಾರನ ಹೆಸರಿಗೇ ಸಲ್ಲುತ್ತದೆ, ಆದ್ದರಿಂದ ಕ್ಯೂಆರನ್ನು ಓಣಿಯ ಗೆಳೆಯರಿಗೆಲ್ಲ ಹಂಚುವುದು ಜಾಣತನವಲ್ಲ. ಯಾರಿಗೋ ಕೊಟ್ಟಾಗಿದ್ದರೆ, ಸರ್ವರಿನಲ್ಲಿ ಆ ಒಂದು ‘ಪಿಯರ್’ ನಮೂದನ್ನು ಅಳಿಸಿದರೆ ಸಾಕು. ಉಳಿದವರ ಸಂಪರ್ಕಕ್ಕೆ ಏನೂ ಆಗುವುದಿಲ್ಲ.